ಕಳೆಯುವ ತಿಂಗಳು

ರಂಜಾನ್ ಚಂದ್ರ ಕಂಡ ರಾತ್ರಿಯೇ ಫೋನಿಗೆ ಪಟ್ಟಿಗಳು ಬಂದು ಬೀಳುತ್ತವೆ. ದಿನಕ್ಕೆ ಕುರ್‌ಆನಿನ ಒಂದು ಪಾರಾ ಓದಿ, ಈ ದುವಾ ನೂರು ಸಲ, ಆ ತಸ್ಬೀಹ್ ಸಾವಿರ ಸಲ. ಮೂವತ್ತು ದಿನಕ್ಕೆ ಮೂವತ್ತು ಮನೆಗಳ ಚಾರ್ಟು, ಮುಗಿಸಿದ್ದಕ್ಕೆ ಟಿಕ್ ಹಾಕಿ. ಹತ್ತು ನಿಮಿಷ ಬಿಟ್ಟು ಇನ್ನೊಂದು ಪಟ್ಟಿ: ಇಫ್ತಾರಿಗೆ ಮೂವತ್ತು ಬಗೆಯ ತಿಂಡಿ, ಒಂದು ದಿನ ಮಾಡಿದ್ದು ಇನ್ನೊಂದು ದಿನ ಬಾರದ ಹಾಗೆ. ಮೊದಲನೆಯದನ್ನು ಕಳಿಸಿದವರು ಮಸೀದಿಯ ಗುಂಪಿನವರು, ಎರಡನೆಯದನ್ನು ಕಳಿಸಿದವರು ನೆಂಟರು. ಎರಡೂ ಕೂಡುವ ಲೆಕ್ಕಗಳೇ. ತಿಂಗಳನ್ನು ಸದುಪಯೋಗ ಮಾಡಿಕೊಳ್ಳುವುದೆಂದರೆ ಅದರೊಳಗೆ ಆದಷ್ಟು ತುರುಕುವುದು ಎಂದು ನಾವೆಲ್ಲ ಯಾವಾಗಲೋ ಒಪ್ಪಿಕೊಂಡುಬಿಟ್ಟಿದ್ದೇವೆ. ನನ್ನ ತಕರಾರು ಇರುವುದು ಇದರ ಬಗ್ಗೆ. ರೋಜಾ ಹುಟ್ಟಿದ್ದು ಕಳೆಯುವ ಲೆಕ್ಕವಾಗಿ.

ಹಿಜರಿ 2ನೇ ವರ್ಷ, ಅಂದರೆ ಕ್ರಿ.ಶ. 624ರಲ್ಲಿ, ಮದೀನಾದಲ್ಲಿ ರಂಜಾನಿನ ಉಪವಾಸ ಕಡ್ಡಾಯವಾಯಿತು. ಯಾಕೆ ಎಂಬುದಕ್ಕೆ ಕುರ್‌ಆನಿನ ಎರಡನೇ ಅಧ್ಯಾಯ ಕೊಡುವ ಕಾರಣ ಒಂದೇ ಪದ: ತಖ್ವಾ. ಇದನ್ನು ದೈವಭಯ ಎಂದು ಅನುವಾದಿಸುವ ರೂಢಿಯಿದೆ. ನನಗೆ ಎಚ್ಚರ ಎಂಬ ನಮ್ಮ ಮಾತು ಹೆಚ್ಚು ಹತ್ತಿರ ಅನ್ನಿಸುತ್ತದೆ. ದೇವರು ನೋಡುತ್ತಿದ್ದಾನೆಂಬ ಎಚ್ಚರ. ಕೋಣೆಯಲ್ಲಿ ಒಬ್ಬನೇ ಇದ್ದಾಗ ನೀರಿನ ಹೂಜಿಯನ್ನು ಮುಟ್ಟದಿರುವುದಕ್ಕೆ ಬೇರೆ ಯಾವ ಕಾರಣವೂ ಇಲ್ಲ. ಅದೇ ವಾಕ್ಯಗಳಲ್ಲೇ ರೋಗಿಗೆ, ಪ್ರಯಾಣಿಕನಿಗೆ ವಿನಾಯಿತಿಯೂ ಇದೆ: ಬೇರೆ ದಿನಗಳಲ್ಲಿ ತೀರಿಸಬಹುದು, ಆಗದವರು ಬಡವನೊಬ್ಬನಿಗೆ ಊಟ ಹಾಕಬಹುದು. ಸಕ್ಕರೆ ಕಾಯಿಲೆಯ ಇನ್ಸುಲಿನ್ ಬಿಟ್ಟು ರೋಜಾ ಹಿಡಿಯುವ ಹಿರಿಯರು ಈ ಭಾಗವನ್ನು ಓದುವುದೇ ಇಲ್ಲ. ಕೊಟ್ಟ ರಿಯಾಯಿತಿಯನ್ನು ತಿರಸ್ಕರಿಸುವುದೂ ಒಂದು ಬಗೆಯ ಕೂಡುವ ಲೆಕ್ಕವೇ.

ಹನ್ನೊಂದನೇ ಶತಮಾನದ ಇಮಾಮ್ ಗಜಾಲಿ ಈ ವಿಷಯದಲ್ಲಿ ಬಹಳ ನಿಷ್ಠುರ. ತಮ್ಮ ‘ಇಹ್ಯಾ ಉಲೂಮುದ್ದೀನ್’ನಲ್ಲಿ ಅವರು ರೋಜಾವನ್ನು ಮೂರು ಮೆಟ್ಟಿಲಾಗಿ ನೋಡುತ್ತಾರೆ. ಹೊಟ್ಟೆ ಮತ್ತು ಕಾಮದ ಉಪವಾಸ ಸಾಮಾನ್ಯರದ್ದು. ಕಣ್ಣು, ಕಿವಿ, ನಾಲಿಗೆ, ಕೈಕಾಲುಗಳನ್ನೂ ತಡೆಯುವುದು ಅದಕ್ಕಿಂತ ಮೇಲಿನದು. ಮನಸ್ಸು ದೇವರನ್ನು ಬಿಟ್ಟು ಬೇರೆಡೆ ಹೋಗದ ಹಾಗೆ ನೋಡಿಕೊಳ್ಳುವುದು ಕೊನೆಯದು. ಮೂರನೆಯದು ನನ್ನಂಥವರಿಗೆ ಎಟುಕುವ ಮಾತಲ್ಲ, ಬಿಡಿ. ಆದರೆ ಅಲ್ಲೇ ಅವರು ಎತ್ತುವ ಒಂದು ಪ್ರಶ್ನೆ ಇಂದಿಗೂ ಚುಚ್ಚುತ್ತದೆ. ಹಗಲಿಡೀ ಬಿಟ್ಟದ್ದನ್ನೆಲ್ಲ ಸೂರ್ಯ ಮುಳುಗಿದ ಮೇಲೆ ಒಟ್ಟಿಗೆ ತಿಂದರೆ, ಬೇರೆ ತಿಂಗಳಲ್ಲಿ ಇಲ್ಲದ ಭಕ್ಷ್ಯಗಳನ್ನೂ ಅದಕ್ಕೆ ಸೇರಿಸಿದರೆ, ಆಸೆ ತಗ್ಗುವುದು ಹೇಗೆ? ಹಸಿದು ಹದವಾದ ಆಸೆಗೆ ತುಪ್ಪ ಸುರಿದಂತೆ ಆಗುತ್ತದಲ್ಲ? ಗಜಾಲಿ ಬೆಂಗಳೂರಿನ ಫ್ರೇಜರ್ ಟೌನಿನ ಮಾಸ್ಕ್ ರೋಡನ್ನು ನೋಡಿರಲಿಲ್ಲ, ನೋಡಿದವರಂತೆ ಬರೆದಿದ್ದಾರೆ.

ಮಾಸ್ಕ್ ರೋಡಿನ ಮೇಲೆ ನನಗೇನೂ ಕೋಪವಿಲ್ಲ. ರಂಜಾನಿನ ಸಂಜೆಗಳಲ್ಲಿ ಅಲ್ಲಿನ ಹಲೀಮ್, ಪತ್ಥರ್ ಕಾ ಗೋಷ್ತ್, ಸಮೋಸಾಗಳಿಗೆ ಊರಿನ ಎಲ್ಲ ಜಾತಿ ಧರ್ಮದವರೂ ಮುಗಿಬೀಳುತ್ತಾರೆ. ಬೇರೆ ದಿನ ನಮ್ಮ ಬೀದಿಗೆ ಕಾಲಿಡದವರು ಆ ದಿನ ಬಂದು ನಮ್ಮ ಜೊತೆ ನಿಂತು ತಿನ್ನುವುದು ಸಣ್ಣ ವಿಷಯವಲ್ಲ. ತಳ್ಳುಗಾಡಿಯವನಿಗೆ ಆ ತಿಂಗಳ ವ್ಯಾಪಾರ ಎಷ್ಟೋ ತಿಂಗಳಿಗೆ ಆಸರೆ. ಹಬ್ಬವಿಲ್ಲದ ಧರ್ಮ ಒಣಕಲು ಎಂದು ವಾದಿಸುವವರ ಜೊತೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಬೀದಿಯ ಗದ್ದಲಕ್ಕಿಂತ ನನ್ನನ್ನು ಕಾಡುವುದು ಮನೆಯ ಅಡುಗೆಕೋಣೆ.

ಸಹರಿಗೆ ಎಲ್ಲರಿಗಿಂತ ಒಂದು ಗಂಟೆ ಮುಂಚೆ ಏಳುವವಳು ಯಾರು? ಅಸರ್ ನಮಾಜಿನಿಂದ ಮಗ್ರಿಬ್‌ವರೆಗೆ, ಗಂಟಲು ಒಣಗಿ ಹೋಗಿರುವಾಗ, ಕಾದ ಎಣ್ಣೆಯ ಮುಂದೆ ನಿಲ್ಲುವವಳು ಯಾರು? ನಮ್ಮ ಮನೆಯಲ್ಲಿ ಅಜಾನ್ ಕೇಳಿಸಿದಾಗ ಅಮ್ಮಿ ಒಂದು ಖರ್ಜೂರ ಬಾಯಿಗಿಟ್ಟುಕೊಂಡು ಬಾಣಲೆಯ ಹತ್ತಿರವೇ ನಿಂತಿರುತ್ತಿದ್ದರು, ಕೊನೆಯ ಸುತ್ತಿನ ಪಕೋಡಾ ಇನ್ನೂ ಎಣ್ಣೆಯಲ್ಲಿ. ದಸ್ತರಖಾನಿನ ಸುತ್ತ ಕೂತ ನಾವು ಗಂಡಸರು ಉಪ್ಪು ಕಡಿಮೆ ಎನ್ನುತ್ತಿದ್ದೆವು. ಪುಣ್ಯ ಕೂಡಿಸುವ ಚಾರ್ಟಿನಲ್ಲಿ ಅವರಿಗೆ ಓದಲು ಸಮಯವೇ ಉಳಿಯುತ್ತಿರಲಿಲ್ಲ. ಪ್ರವಾದಿಯವರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಗೆಲಸದಲ್ಲಿ ಇರುತ್ತಿದ್ದರು, ನಮಾಜಿನ ಹೊತ್ತಾದಾಗ ಎದ್ದು ಹೋಗುತ್ತಿದ್ದರು ಎಂದು ಹಜ್ರತ್ ಆಯಿಷಾ ಹೇಳಿದ್ದು ಬುಖಾರಿಯ ಹದೀಸ್ ಸಂಗ್ರಹದಲ್ಲಿದೆ. ತಿಂಗಳುಗಟ್ಟಲೆ ಆ ಮನೆಯಲ್ಲಿ ಒಲೆ ಉರಿಯದೆ ಖರ್ಜೂರ, ನೀರಿನಲ್ಲೇ ದಿನ ಹೋಗುತ್ತಿದ್ದವೆಂದು ಹೇಳಿದವರೂ ಅವರೇ. ಸುನ್ನತ್ ಎಂದು ಖರ್ಜೂರವನ್ನು ಮಾತ್ರ ತೆಗೆದುಕೊಂಡೆವು. ಒಲೆ ಆರಿದ ಮನೆಯನ್ನೂ ಕೆಲಸಕ್ಕೆ ಕೈ ಹಚ್ಚುತ್ತಿದ್ದ ಗಂಡನನ್ನೂ ಜಾಣತನದಿಂದ ಮರೆತೆವು. ಕರಾವಳಿಯ ಎಷ್ಟೋ ಮಸೀದಿಗಳಲ್ಲಿ ಸಂಜೆಗೆ ಕೊಡುವ ಗಂಜಿ ಇವತ್ತಿಗೂ ಇಫ್ತಾರಿನ ಹದ ಏನೆಂದು ತೋರಿಸುತ್ತದೆ. ಬಟ್ಟಲು ಗಂಜಿ, ಖರ್ಜೂರ, ಒಂದು ಹಣ್ಣು. ಅಷ್ಟು ಸಾಲದೆ?

ಓದಿನದೂ ಇದೇ ಕತೆ. ಕೆಲವು ಊರುಗಳಲ್ಲಿ ವ್ಯಾಪಾರಿಗಳ ಅನುಕೂಲಕ್ಕೆಂದು ಹತ್ತು ದಿನದ, ಆರು ದಿನದ ತರಾವೀಹ್, ಅಂದರೆ ಇಡೀ ಕುರ್‌ಆನ್ ಓದಿ ಮುಗಿಸುವ ರಾತ್ರಿ ನಮಾಜು, ನಡೆಯುತ್ತದೆ. ಆರು ದಿನವೆಂದರೆ ರಾತ್ರಿಗೆ ಐದು ಪಾರಾ. ಹಾಫಿಜರು ಓದುವ ವೇಗಕ್ಕೆ ಅರಬರೂ ಬೆಚ್ಚಬೇಕು. ಖತಂ ಆಯಿತು, ಇನ್ನು ಹಬ್ಬದ ಅಂಗಡಿ ತೆರೆಯಬಹುದು. ಮೂರು ದಿನಕ್ಕಿಂತ ಕಡಿಮೆ ಅವಧಿಯಲ್ಲಿ ಇಡೀ ಕುರ್‌ಆನ್ ಮುಗಿಸಿದವನಿಗೆ ಅದು ಅರ್ಥವಾಗದು ಎಂಬ ಹದೀಸಿದೆ. ಆರು ದಿನ ಆ ಗೆರೆಯ ಈಚೆಗಿದೆ ಎಂದು ಸಮಾಧಾನ ಹೇಳಿಕೊಳ್ಳಬಹುದೇನೋ. ಒಂದು ಪಾರಾ ಬದಲು ಒಂದು ಪುಟ ಓದಿದರೆ ಏನಾದೀತು? ಮಂಗಳೂರಿನ ಶಾಂತಿ ಪ್ರಕಾಶನದಿಂದ ಹಿಡಿದು ಕನ್ನಡದಲ್ಲಿ ಕುರ್‌ಆನ್ ಅನುವಾದಗಳು ಬಂದಿವೆ. ಮನೆಯಲ್ಲಿ ಕನ್ನಡ ಓದಲು ಬಲ್ಲ ಮಕ್ಕಳಿದ್ದಾರೆ. ಅನಾಥನನ್ನು ದಬ್ಬಬೇಡ, ತೂಕದಲ್ಲಿ ಮೋಸ ಮಾಡಬೇಡ ಎಂಬ ಅರ್ಥದ ಮಾತುಗಳನ್ನು ಒಬ್ಬ ಅಂಗಡಿಯವನು ತಿಳಿಯುವ ಭಾಷೆಯಲ್ಲಿ ಒಮ್ಮೆ ಓದಿ, ಮರುದಿನ ತಕ್ಕಡಿ ಹಿಡಿಯುವಾಗ ಅದು ನೆನಪಾದರೆ, ಆರು ದಿನದ ಖತಂಗಿಂತ ಅದನ್ನೇ ನಾನು ದೊಡ್ಡದೆನ್ನುತ್ತೇನೆ. ಸುಳ್ಳು ಮಾತು, ಸುಳ್ಳು ನಡತೆ ಬಿಡದವನ ಹಸಿವು ಬಾಯಾರಿಕೆ ದೇವರಿಗೆ ಬೇಕಿಲ್ಲ ಎಂದು ಬುಖಾರಿಯ ಇನ್ನೊಂದು ಹದೀಸ್ ಖಡಾಖಂಡಿತವಾಗಿ ಹೇಳುತ್ತದೆ. ಗಜಾಲಿಯ ನಾಲಿಗೆಯ ಉಪವಾಸಕ್ಕೆ ಈಗ ಹೆಬ್ಬೆರಳಿನ ಉಪವಾಸವನ್ನೂ ಸೇರಿಸಬೇಕು. ಅತಿ ಹೆಚ್ಚು ಗೀಬತ್, ಅಂದರೆ ಬೆನ್ನ ಹಿಂದಿನ ನಿಂದೆ, ನಡೆಯುವುದು ಫೋನಿನ ಮೇಲೆ ಓಡಾಡುವ ಆ ಬೆರಳಿನಿಂದಲೇ.

ಜಕಾತಿನ ವಿಷಯಕ್ಕೆ ಬಂದರೆ ಕಳೆಯುವ ಲೆಕ್ಕ ಅಕ್ಷರಶಃ ಲೆಕ್ಕವೇ ಆಗುತ್ತದೆ. ವರ್ಷವಿಡೀ ಉಳಿದ ಸಂಪತ್ತಿನಲ್ಲಿ ಶೇ. 2.5, ನಲವತ್ತರಲ್ಲೊಂದು ಪಾಲು. ಆ ಪದಕ್ಕೆ ಶುದ್ಧಿ ಎಂದೂ ಅರ್ಥ, ಬೆಳವಣಿಗೆ ಎಂದೂ ಅರ್ಥ. ಕಳೆ ಕಿತ್ತ ಹೊಲವನ್ನು ಕಂಡ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಂಜಾನಿನಲ್ಲೇ ಕೊಡಬೇಕೆಂಬ ಕಟ್ಟುಪಾಡಿಲ್ಲದಿದ್ದರೂ ಪುಣ್ಯ ಹೆಚ್ಚೆಂದು ಎಲ್ಲರೂ ಈಗಲೇ ಕೊಡುತ್ತಾರೆ. ರಸೀದಿ ಪುಸ್ತಕ ಹಿಡಿದ ಮದರಸಾದವರು ದೂರದ ರಾಜ್ಯಗಳಿಂದ ಬಂದು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ, ಮಸೀದಿ ಬಾಗಿಲಲ್ಲಿ ಕೈಚಾಚಿದವರ ಸಾಲು ಉದ್ದವಾಗುತ್ತದೆ, ಧಣಿಗಳು ಹತ್ತು ಇಪ್ಪತ್ತರ ನೋಟು ಹಂಚುತ್ತಾ ಹೋಗುತ್ತಾರೆ. ಹಣ ಖರ್ಚಾಗುತ್ತದೆ, ಯಾರ ಬದುಕೂ ಬದಲಾಗುವುದಿಲ್ಲ. ಜಕಾತ್ ಯಾರಿಗೆ ಸಲ್ಲಬೇಕೆಂದು ಕುರ್‌ಆನ್ ಎಂಟು ಬಗೆಯವರನ್ನು ಹೆಸರಿಸುತ್ತದೆ, ಅವರಲ್ಲಿ ಸಾಲದಲ್ಲಿ ಮುಳುಗಿದವರೂ ಇದ್ದಾರೆ. ಬೀದಿಯ ಹತ್ತು ಮನೆಗಳು ಸೇರಿ ಒಬ್ಬ ಆಟೋ ಡ್ರೈವರನ ಬಡ್ಡಿ ಸಾಲವನ್ನು ತೀರಿಸಿದರೆ ಅವನು ಮುಂದಿನ ವರ್ಷ ಸಾಲಿನಲ್ಲಿ ನಿಲ್ಲುವುದಿಲ್ಲ. ಇಫ್ತಾರಿನ ತಟ್ಟೆಯಿಂದ ಕಡಿಮೆ ಮಾಡಿದ ನಾಲ್ಕು ಬಗೆಯ ದುಡ್ಡನ್ನೂ ಇದಕ್ಕೆ ಸೇರಿಸಿ ನೋಡಿ.

ಚಾಂದ್ರಮಾನ ವರ್ಷ ಸುಮಾರು 354 ದಿನದ್ದಾದ್ದರಿಂದ ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಸುಮಾರು 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ನಮ್ಮ ಆಯುಷ್ಯದಲ್ಲಿ ಅಂಥ ಎರಡು ಸುತ್ತು ಸಿಕ್ಕರೆ ಹೆಚ್ಚು. ಈ ಸಲದ ತಿಂಗಳಿಗೆ ಪಟ್ಟಿ ಬರೆಯಲೇಬೇಕೆಂದರೆ ಬಿಡುವುದರ ಪಟ್ಟಿಯೊಂದನ್ನು ಬರೆಯಿರಿ, ಸಣ್ಣದಿರಲಿ. ಇನ್ನೊಂದು ಮಾತು, ಹಬ್ಬಕ್ಕೆ ಮುಂಚೆ ಬಡವರಿಗೆ ಕೊಡುವ ಫಿತ್ರಾದ್ದು. ಒಳನಾಡಿನ ಹನಫಿಗಳು ಗೋಧಿಯ ಬೆಲೆಯನ್ನು ಹಣವಾಗಿ ಕೊಡುತ್ತಾರೆ, ಕರಾವಳಿಯ ಶಾಫಿಗಳು ತಲೆಗೆ 2.5ರಿಂದ 3 ಕಿಲೋದಷ್ಟು ಅಕ್ಕಿ ಅಳೆಯುತ್ತಾರೆ. ಏನೇ ಕೊಡಿ, ಹಬ್ಬದ ಬೆಳಗ್ಗೆ ಈದ್ಗಾಕ್ಕೆ ಹೊರಟಾಗ ಅವಸರದಲ್ಲಿ ಕೊಡಬೇಡಿ. ಒಂದೆರಡು ದಿನ ಮುಂಚೆ ಕೊಡಲು ಅವಕಾಶವಿದೆ. ಆ ಮನೆಯವರಿಗೂ ಅಕ್ಕಿ ನೆನೆಸಲು, ಮಕ್ಕಳ ಬಟ್ಟೆ ತರಲು ಸಮಯ ಬೇಕು.