ನೋವಿಗೆ ಬುದ್ಧಿಯ ಪರೀಕ್ಷೆ ಬೇಡ

2020ರ ಮೇ 27ರಂದು ಕೇರಳದ ಪಾಲಕ್ಕಾಡ್ ಜಿಲ್ಲೆಯ ವೆಳ್ಳಿಯಾರ್ ಹೊಳೆಯಲ್ಲಿ ಗರ್ಭಿಣಿ ಆನೆಯೊಂದು ಸತ್ತಿತು. ಸಿಡಿಮದ್ದು ತುಂಬಿದ ಕಾಯಿಗೆ ಬಾಯಿ ಹಾಕಿ ಅದರ ದವಡೆ ಛಿದ್ರವಾಗಿತ್ತು. ಸುಮಾರು ಎರಡು ವಾರ ಏನನ್ನೂ ತಿನ್ನಲಾಗದೆ ಅಲೆದು, ಕೊನೆಗೆ ನೀರಿಗಿಳಿದು ನಿಂತಿತ್ತು. ಅರಣ್ಯ ಅಧಿಕಾರಿಯೊಬ್ಬರು ಅದನ್ನು ಫೇಸ್‌ಬುಕ್‌ನಲ್ಲಿ ಬರೆದ ಮೇಲೆ ದೇಶವೇ ಕುದಿಯಿತು. ಆ ಸಿಟ್ಟು ಎಷ್ಟು ಕುರುಡಾಗಿತ್ತೆಂದರೆ, ಘಟನೆ ನಡೆದದ್ದು ಪಾಲಕ್ಕಾಡಿನಲ್ಲಿ, ಬೈಗುಳ ತಿಂದದ್ದು ಪಕ್ಕದ ಮಲಪ್ಪುರಂ ಜಿಲ್ಲೆಯ ಜನ.

ಮಲೆನಾಡಿನ ಹೋಬಳಿಯ ಪಶು ಆಸ್ಪತ್ರೆಗಳಲ್ಲಿ ವೈದ್ಯನಾಗಿ ದುಡಿದವನು ನಾನು. ಆನೆಯ ಗಾಯದ ವಿವರ ಓದಿದಾಗ ಅದು ನನಗೆ ಹೊಸದೆನ್ನಿಸಲಿಲ್ಲ. ಕಾಡಂಚಿಗೆ ಮೇಯಲು ಹೋದ ಹಸು, ಹಂದಿಗೆಂದು ಇಟ್ಟ ಸಿಡಿಮದ್ದಿನ ಉಂಡೆ ಕಚ್ಚಿ ಮನೆಗೆ ಮರಳಿದಾಗ ಅದರ ಬಾಯಿ ಹೇಗಿರುತ್ತದೆಂದು ಕೈಯಾರೆ ಮುಟ್ಟಿ ನೋಡಿದ್ದೇನೆ. ಕೆಳದವಡೆ ಎರಡು ಹೋಳಾಗಿರುತ್ತದೆ, ನಾಲಗೆ ಹರಿದಿರುತ್ತದೆ, ಹಲ್ಲಿನ ಚೂರುಗಳು ಕೆನ್ನೆಯ ಮಾಂಸದೊಳಗೆ ಹೂತಿರುತ್ತವೆ. ‘ಡಾಕ್ಟ್ರೇ, ಉಳೀತದಾ?’ ಎಂದು ಮನೆಯೊಡತಿ ಕೇಳುತ್ತಾಳೆ. ಗಾಯ ತೊಳೆದು ಹೊಲಿಗೆ ಹಾಕಬಹುದು, ಗ್ಲೂಕೋಸ್ ಏರಿಸಬಹುದು. ಆದರೆ ಮೆಲುಕು ಹಾಕಲಾರದ ದನ ಎಷ್ಟು ದಿನ ಬದುಕೀತು? ಅಂಥ ಹಸುಗಳ ಸುದ್ದಿ ಪತ್ರಿಕೆಯ ಸ್ಥಳೀಯ ಪುಟದ ಮೂಲೆಗೂ ಬರುವುದು ಅಪರೂಪ. ಇನ್ನು ಆ ಮದ್ದು ಯಾರಿಗಾಗಿ ಇಟ್ಟದ್ದೋ ಆ ಹಂದಿಗೆ ಮರುಗಿದವರನ್ನು ನಾನಂತೂ ಕಂಡಿಲ್ಲ.

ಆನೆಗಾಗಿ ಜನ ಅತ್ತದ್ದು ಸರಿಯೇ. ನನ್ನ ತಕರಾರು ಆ ಅಳುವಿಗೆ ಕೊಟ್ಟ ಕಾರಣದ ಬಗ್ಗೆ. ಆನೆ ಬುದ್ಧಿವಂತ ಪ್ರಾಣಿ, ಅದಕ್ಕೆ ನೆನಪಿದೆ, ಸತ್ತ ಮರಿಯ ಪಕ್ಕ ನಿಂತು ದುಃಖಿಸುತ್ತದೆ, ಅಂಥದ್ದಕ್ಕೆ ಹೀಗೆ ಮಾಡಬಹುದೇ ಎಂಬುದೇ ಎಲ್ಲರ ಮಾತಾಗಿತ್ತು. ಹಾಗಾದರೆ ಬುದ್ಧಿ ಕಡಿಮೆಯಿದ್ದ ಪ್ರಾಣಿಯ ಬಾಯಲ್ಲಿ ಮದ್ದು ಸಿಡಿದರೆ ಅಡ್ಡಿಯಿಲ್ಲವೇ?

ಬುದ್ಧಿಯನ್ನೇ ಅಳತೆಗೋಲು ಮಾಡಿಕೊಂಡರೂ ನಾವು ಅದಕ್ಕೆ ನಿಷ್ಠರಾಗಿಲ್ಲ. ಅಮೆರಿಕದಲ್ಲಿ ಸಂಶೋಧಕರು ನಾಲ್ಕು ಹಂದಿಗಳಿಗೆ ಮೂತಿಯಿಂದ ಜಾಯ್‌ಸ್ಟಿಕ್ ತಳ್ಳಿ ಕಂಪ್ಯೂಟರ್ ಪರದೆಯ ಮೇಲಿನ ಗುರುತನ್ನು ಸರಿಸುವುದನ್ನು ಕಲಿಸಿದರು. 2021ರಲ್ಲಿ ಪ್ರಕಟವಾದ ಆ ಅಧ್ಯಯನ ಓದಿ ಲೋಕ ಬೆರಗಾಯಿತು. ಅದರಿಂದ ಹಂದಿಯ ಹಣೆಬರಹವೇನೂ ಬದಲಾಗಲಿಲ್ಲ.

ನಮ್ಮದೇ ಊರುಗಳ ಮಂಗವನ್ನು ನೋಡಿ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಸಂಶೋಧಕರು ಬಂಡೀಪುರದ ಕೋತಿಗಳ ನಡವಳಿಕೆಯನ್ನು ಗಮನಿಸಿ 2018ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಪ್ರವಾಸಿಗರ ಕೈಯಲ್ಲಿ ತಿಂಡಿ ಕಂಡರೆ ಅಲ್ಲಿನ ಕೋತಿಗಳು ಮೆಲ್ಲಗೆ ‘ಕೂ’ ಎಂದು ದನಿ ಮಾಡುತ್ತವೆ, ಕೈ ಮುಂದೆ ಚಾಚುತ್ತವೆ, ಎದುರಿಗಿರುವವರು ತಮ್ಮನ್ನು ಗಮನಿಸುತ್ತಿದ್ದಾರೆಯೇ ಎಂದೂ ನೋಡುತ್ತವೆ. ಅಂದರೆ ಕಾಡಿನ ಪ್ರಾಣಿಯೊಂದು ಬೇರೆ ಜಾತಿಯ ಜೀವಿಯೊಡನೆ ಬೇಕೆಂದೇ ಸಂಜ್ಞೆಯಲ್ಲಿ ಮಾತಾಡುತ್ತಿದೆ. ಮೂರು ವರ್ಷ ಕಳೆದು, 2021ರ ಜುಲೈ ಕೊನೆಯಲ್ಲಿ, ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಚೌಡನಹಳ್ಳಿ ಬಳಿ ರಸ್ತೆ ಪಕ್ಕ ಬಿದ್ದಿದ್ದ ಚೀಲಗಳನ್ನು ಊರವರು ಬಿಚ್ಚಿದಾಗ 38 ಕೋತಿಗಳ ಹೆಣ ಸಿಕ್ಕವು. ಉಸಿರಿದ್ದವಕ್ಕೆ ಊರ ಹುಡುಗರು ನೀರು ಕುಡಿಸಿದರು. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು.

ಕೈ ಚಾಚಿ ಕೇಳಬಲ್ಲ ಆ ಜಾಣತನ ಕೋತಿಯನ್ನು ಉಳಿಸುವುದಿಲ್ಲ. ತೋಟದವರ ಕಣ್ಣಲ್ಲಿ ಅದನ್ನು ಶತ್ರುವಾಗಿಸಿರುವುದೇ ಆ ಜಾಣತನ. ನಾಯಿಯ ಹಗ್ಗ ಎಷ್ಟು ಉದ್ದ, ಕೋವಿಯಲ್ಲಿ ಗುಂಡಿದೆಯೋ ಬರೀ ಸದ್ದೋ, ಮನೆಯವರು ಎಷ್ಟು ಹೊತ್ತಿಗೆ ಊಟಕ್ಕೆ ಕೂರುತ್ತಾರೆ, ಎಲ್ಲವೂ ಅದಕ್ಕೆ ಗೊತ್ತು. ಪೆದ್ದ ಪ್ರಾಣಿಯಾಗಿದ್ದರೆ ಒಂದು ಬೆದರುಬೊಂಬೆ ಸಾಕಿತ್ತು. ಮೃಗಾಲಯದಲ್ಲಿ ಚಪ್ಪಾಳೆ ಗಿಟ್ಟಿಸುವ ಬುದ್ಧಿಗೆ ಬಾಳೆತೋಟದಲ್ಲಿ ಕಳ್ಳತನದ ಹೆಸರು ಬರುತ್ತದೆ. ಇಂಥ ಅಳತೆಗೋಲನ್ನು ನಂಬಿ ಕರುಣೆಯ ಲೆಕ್ಕ ಹಾಕಲು ಹೇಗೆ ಸಾಧ್ಯ?

ನ್ಯಾಯಾಲಯದಲ್ಲೂ ಈ ವಾದ ನಿಲ್ಲಲಿಲ್ಲ. ನ್ಯೂಯಾರ್ಕ್‌ನ ಬ್ರಾಂಕ್ಸ್ ಮೃಗಾಲಯದ ಹ್ಯಾಪಿ ಎಂಬ ಹೆಣ್ಣಾನೆ, ತನ್ನ ಹಣೆಯ ಮೇಲೆ ಬಳಿದ ಗುರುತನ್ನು ಕನ್ನಡಿಯಲ್ಲಿ ನೋಡಿ ಸೊಂಡಿಲಿನಿಂದ ಮುಟ್ಟಿಕೊಂಡಿತ್ತು. ತನ್ನನ್ನು ತಾನು ಗುರುತಿಸಬಲ್ಲ ಪ್ರಾಣಿಗಳ ಸಣ್ಣ ಪಟ್ಟಿಗೆ 2006ರಲ್ಲಿ ಆನೆ ಸೇರಿದ್ದು ಹಾಗೆ. ಇಷ್ಟು ಅರಿವುಳ್ಳ ಜೀವವನ್ನು ಕೂಡಿಹಾಕುವುದು ಅಕ್ರಮ ಬಂಧನ ಎಂದು ಅದರ ಪರವಾಗಿ ಮೊಕದ್ದಮೆ ಹೂಡಿದರು. 2022ರ ಜೂನ್‌ನಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ ಐವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆಯಾಗಿ ಅದನ್ನು ತಳ್ಳಿಹಾಕಿತು. ಆನೆಯ ಬುದ್ಧಿಯನ್ನು ನ್ಯಾಯಾಧೀಶರು ಅಲ್ಲಗಳೆಯಲಿಲ್ಲ. ಅಷ್ಟರಿಂದಲೇ ಮನುಷ್ಯನ ಹಕ್ಕು ಅದಕ್ಕೆ ಬಾರದು ಎಂದರು. ಮನುಷ್ಯನಿಗೆ ಎಷ್ಟು ಹತ್ತಿರ ಎಂದು ಅಳೆಯಹೊರಟರೆ ಯಾವ ಪ್ರಾಣಿಯೂ ಪೂರ್ತಿ ಅಂಕ ಗಳಿಸುವುದಿಲ್ಲ.

ಕೊಟ್ಟಿಗೆಯಲ್ಲಿ ಕೆಲಸ ಮಾಡುವವರಿಗೆ ಬೇರೊಂದು ಅಳತೆ ಗೊತ್ತು. ದಂತವೈದ್ಯರು ನಿಮ್ಮ ಒಸಡಿಗೆ ಚುಚ್ಚುವ ಲಿಗ್ನೊಕೇನ್ ಔಷಧವನ್ನೇ ನಾವು ಕೊಂಬು ಕತ್ತರಿಸುವ ಮುನ್ನ ಎತ್ತಿಗೆ ಚುಚ್ಚುತ್ತೇವೆ. ನಿಮ್ಮ ನರವನ್ನು ಮರಗಟ್ಟಿಸುವ ಹಾಗೆಯೇ ಅದು ಎತ್ತಿನ ನರವನ್ನೂ ಮರಗಟ್ಟಿಸುತ್ತದೆ, ಏಕೆಂದರೆ ನೋವು ಸಾಗುವ ದಾರಿ ಎರಡರಲ್ಲೂ ಒಂದೇ. ಆದರೆ ದನ, ಕುರಿಗಳು ನೋವಾದರೆ ನಾಯಿಯಂತೆ ಅರಚುವುದಿಲ್ಲ. ಬೇಟೆಗೆ ಗುರಿಯಾಗುವ ಪ್ರಾಣಿಗಳು ನೋವನ್ನು ಮುಚ್ಚಿಡುತ್ತವೆ, ತೋರಿಸಿಕೊಂಡರೆ ಹುಲಿಗೆ ಮೊದಲು ಸಿಕ್ಕುವುದು ಅವೇ. ಹಿಂಡಿನಿಂದ ದೂರ ನಿಂತಿದೆಯೇ, ಹಲ್ಲು ಕಡಿಯುತ್ತಿದೆಯೇ, ಮೆಲುಕು ನಿಲ್ಲಿಸಿದೆಯೇ, ಕಿವಿ ಜೋತಿವೆಯೇ ಎಂದು ನಾವೇ ಹುಡುಕಿ ತಿಳಿಯಬೇಕು. ಸದ್ದಿಲ್ಲದ ನೋವಿಗೆ ಸಾರ್ವಜನಿಕರ ಸಿಟ್ಟು ಎಂದೂ ಏಳುವುದಿಲ್ಲ.

ಪ್ರಾಣಿಗೆ ಯೋಚಿಸಲು ಬರುತ್ತದೆಯೇ ಎನ್ನುವುದಕ್ಕಿಂತ ಅದಕ್ಕೆ ನೋವಾಗುತ್ತದೆಯೇ ಎಂದು ಕೇಳಿ ಎಂಬುದಾಗಿ ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಾಮ್ 1789ರಷ್ಟು ಹಿಂದೆಯೇ ವಾದಿಸಿದ್ದ. ಆ ದೇಶ 2022ರಲ್ಲಿ ತಂದ ಕಾಯ್ದೆ ಆಕ್ಟೋಪಸ್, ಏಡಿ, ಸೀಗಡಿಗಳನ್ನೂ ನೋವು ಅರಿಯುವ ಜೀವಿಗಳೆಂದು ಒಪ್ಪಿಕೊಂಡಿದೆ. ಏಡಿ ಕನ್ನಡಿಯಲ್ಲಿ ತನ್ನನ್ನು ಗುರುತಿಸಿತೇ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಹಾಗೆಂದು ರೈತನನ್ನು ಕಟಕಟೆಗೆ ಎಳೆಯುವುದು ನನ್ನ ಉದ್ದೇಶವಲ್ಲ. ಮಂಗನ ಹಾವಳಿ ತಾಳಲಾರದೆ ತೀರ್ಥಹಳ್ಳಿ ತಾಲ್ಲೂಕಿನ ರೈತರೊಬ್ಬರು ನಾಯಿಗೆ ಹುಲಿಪಟ್ಟೆ ಬಳಿದು ತೋಟಕ್ಕೆ ಬಿಟ್ಟದ್ದು 2019ರಲ್ಲಿ ದೇಶವೆಲ್ಲ ಸುದ್ದಿಯಾಯಿತು. ಓದಿದವರು ನಕ್ಕರು. ಅದರ ಹಿಂದಿದ್ದ ಹತಾಶೆ ಮಲೆನಾಡಿನ ಪ್ರತಿ ಮನೆಗೂ ಗೊತ್ತು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ತಾಯಿ ಹುಲಿಯೂ ನಾಲ್ಕು ಮರಿಗಳೂ ವಿಷಕ್ಕೆ ಬಲಿಯಾದವು. ಹುಲಿ ಹಿಡಿದ ಹಸುವಿನ ಕಳೇಬರಕ್ಕೇ ವಿಷ ಹಾಕಲಾಗಿತ್ತು. ಕೊಂದವರಿಗೆ ಶಿಕ್ಷೆಯಾಗಲಿ ಎಂದು ನಾನೂ ಬಯಸುತ್ತೇನೆ. ಹಸು ಸತ್ತ ವಾರದೊಳಗೆ ಪರಿಹಾರದ ಹಣ ಕೈಸೇರುವಂತಿದ್ದರೆ ವಿಷದ ಬಾಟಲಿಗೆ ಕೈ ಹಾಕುವವರು ಕಡಿಮೆಯಾಗುತ್ತಾರೆ ಎಂಬುದನ್ನೂ ಕಾಡಂಚಿನಲ್ಲಿ ದುಡಿದ ಅನುಭವದಿಂದ ಹೇಳುತ್ತೇನೆ. ಸಿಟ್ಟಾಗುವವರು ಈ ಪರಿಹಾರಕ್ಕಾಗಿಯೂ ದನಿ ಎತ್ತಬೇಕು.

ಕಾನೂನಿನ ಸ್ಥಿತಿಯಂತೂ ನಾಚಿಕೆಗೇಡು. ರಾಜ್ಯಸಭೆಯಲ್ಲಿ ರುಕ್ಮಿಣಿ ದೇವಿ ಅರುಂಡೇಲ್ ಹೋರಾಡಿದ್ದರ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಅದರ 11ನೇ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ಬಡಿದರೆ, ಹಸಿವಿನಲ್ಲಿ ಕೆಡವಿದರೆ, ಉಸಿರುಗಟ್ಟುವಂತೆ ತುಂಬಿ ಸಾಗಿಸಿದರೆ ಮೊದಲ ಅಪರಾಧಕ್ಕೆ ದಂಡ ಕನಿಷ್ಠ 10 ರೂಪಾಯಿ, ಗರಿಷ್ಠ 50. ಇಂದು ಒಂದು ಲೀಟರ್ ಹಾಲಿನ ಬೆಲೆಯ ಆಸುಪಾಸು ಅದು. ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಾಣಿಯನ್ನು ಕೊಂದವರಿಗೆ, ಊನ ಮಾಡಿದವರಿಗೆ ಐದು ವರ್ಷದವರೆಗೆ ಶಿಕ್ಷೆ ಹೇಳುತ್ತದೆ, ನಿಜ. ಆದರೆ ಅದು ಇರುವುದು ಆಸ್ತಿಗೆ ಕೇಡು ಮಾಡುವ ಅಪರಾಧಗಳ ಸಾಲಿನಲ್ಲಿ. ನೋವುಂಡ ಜೀವಕ್ಕಿಂತ ಅದರ ಒಡೆಯನ ನಷ್ಟವೇ ಅಲ್ಲಿ ದೊಡ್ಡದು. 1960ರ ಕಾಯ್ದೆಯ ತಿದ್ದುಪಡಿಯ ಕರಡನ್ನು ಕೇಂದ್ರ 2022ರಲ್ಲಿ ಜನರ ಮುಂದಿಟ್ಟಿತು. ಬಳಿಕ ಅದು ಅಲ್ಲೇ ಉಳಿಯಿತು.

ಕೇಂದ್ರದ ಕಡೆಗೆ ಬೆರಳು ತೋರಿಸಿ ನಾವು ಸುಮ್ಮನಿರಬೇಕಿಲ್ಲ. ಪ್ರಾಣಿಹಿಂಸೆ ತಡೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವ ವಿಷಯ. ಕಂಬಳಕ್ಕೆ ಅಡ್ಡಿ ಬಂದಾಗ ನಮ್ಮ ವಿಧಾನಮಂಡಲ 2017ರಲ್ಲಿ ಇದೇ 1960ರ ಕಾಯ್ದೆಗೆ ತಿದ್ದುಪಡಿ ತಂದಿತು, ರಾಷ್ಟ್ರಪತಿಗಳ ಅಂಕಿತ ಪಡೆಯಿತು, 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕರಾವಳಿಯ ಒಂದು ಹಬ್ಬಕ್ಕಾಗಿ ಎಲ್ಲ ಪಕ್ಷಗಳೂ ಒಂದಾಗಿ ತಿದ್ದಬಲ್ಲ ಕಾಯ್ದೆಯಲ್ಲಿ 50 ರೂಪಾಯಿಯ ಸಾಲನ್ನು ತಿದ್ದಲು ಯಾರ ಅಡ್ಡಿಯಿದೆ? ಅದರ ಜೊತೆಗೆ, ಸಿಡಿಮದ್ದಿಗೆ ಸಿಕ್ಕ ಪ್ರತಿ ದನದ ಪ್ರಕರಣದಲ್ಲೂ ಆ ಮದ್ದು ಎಲ್ಲಿಂದ ಬಂತೆಂಬ ತನಿಖೆ ಕಡ್ಡಾಯವಾಗಲಿ. ಸತ್ತದ್ದು ಆನೆಯೋ ಹಂದಿಯೋ ಎಂದು ನೋಡದೆ ಪೊಲೀಸರು ಎಫ್‌ಐಆರ್ ದಾಖಲಿಸಲಿ. ಮುಂದಿನ ಸಲ ಒಂದು ಚಿತ್ರ ನೋಡಿ ನಿಮ್ಮ ರಕ್ತ ಕುದಿದಾಗ, ಅದನ್ನು ಹತ್ತು ಜನರಿಗೆ ಕಳಿಸುವ ಮೊದಲು ನಿಮ್ಮ ಶಾಸಕರಿಗೆ ಒಂದು ಪತ್ರ ಬರೆಯಿರಿ. ಆ ಪತ್ರದಲ್ಲಿ ಪ್ರಾಣಿ ಎಷ್ಟು ಜಾಣ ಎಂಬ ಮಾತು ಬೇಡ. ಅದಕ್ಕೆ ನೋವಾಯಿತು, ಈ ಕಾನೂನು ಬದಲಾಗಬೇಕು ಎಂದು ಕೇಳಿ.