ಮಿಠಾಯಿ ಸಾಹುಕಾರನ ದೇಶಭಕ್ತಿ

1958ರ ಡಿಸೆಂಬರಿನಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ 11 ಜನ ಅನುಕೂಲಸ್ಥರು ಕೂಡಿ, ಎರಡು ದಿನ ಒಬ್ಬನದೇ ಭಾಷಣ ಕೇಳಿದರು. ಭಾಷಣಕಾರ ರಾಬರ್ಟ್ ವೆಲ್ಚ್. ಮಿಠಾಯಿ ತಯಾರಿಸಿ ಮಾರಿ ಹಣವಂತನಾದವನು, ಕಾರಖಾನೆ ಧಣಿಗಳ ರಾಷ್ಟ್ರೀಯ ಸಂಘದ ನಿರ್ದೇಶಕನಾಗಿದ್ದವನು. ಕಮ್ಯೂನಿಸ್ಟರು ದೇಶವನ್ನು ಒಳಗಿನಿಂದಲೇ ನುಂಗುತ್ತಿದ್ದಾರೆಂಬುದು ಅವನ ಮಾತಿನ ಸಾರ. ಹೀಗೆ ಹುಟ್ಟಿತು ಜಾನ್ ಬರ್ಚ್ ಸೊಸೈಟಿ. 1945ರಲ್ಲಿ ಚೀನೀ ಕಮ್ಯೂನಿಸ್ಟರ ಕೈಯಲ್ಲಿ ಮಡಿದ, ಪಾದ್ರಿಯಾಗಿದ್ದು ಸೈನ್ಯ ಸೇರಿದ ತರುಣನೊಬ್ಬನ ಹೆಸರದು. ವೆಲ್ಚ್ ಅವನ ಮುಖ ಕಂಡವನೇ ಅಲ್ಲ!

ಕಮ್ಯೂನಿಸ್ಟರೊಡನೆ ನಮಗೂ ಜಗಳವುಂಟು, ಅದನ್ನು ಮುಚ್ಚಿಡುವುದಿಲ್ಲ. ಆದರೆ ವೆಲ್ಚನ ಕಣ್ಣಿಗೆ ಕಮ್ಯೂನಿಸ್ಟರಾಗಿ ಕಂಡವರು ಯಾರು? ಹಿಟ್ಲರನ ಸೈನ್ಯವನ್ನು ಸೋಲಿಸಿದ ದಂಡನಾಯಕ, ಅಧ್ಯಕ್ಷ ಐಸೆನ್‌ಹೋವರ್! ಗೆಳೆಯರಿಗೆ ಗುಟ್ಟಾಗಿ ಹಂಚಿದ ಹಸ್ತಪ್ರತಿಯಲ್ಲಿ ಹಾಗೆಂದು ಬರೆದಿದ್ದ. ಕಪ್ಪು ಮಕ್ಕಳನ್ನೂ ಬಿಳಿಯ ಮಕ್ಕಳನ್ನೂ ಬೇರೆ ಬೇರೆ ಶಾಲೆಗಳಲ್ಲಿ ಇಡಕೂಡದೆಂದು 1954ರಲ್ಲಿ ತೀರ್ಪಿತ್ತ ಮುಖ್ಯ ನ್ಯಾಯಾಧೀಶ ಅರ್ಲ್ ವಾರನ್ ಅವರನ್ನು ಪದಚ್ಯುತಗೊಳಿಸಿರೆಂದು ರಸ್ತೆ ರಸ್ತೆಗೆ ಫಲಕ ನಿಲ್ಲಿಸಿದರು. ಹಲ್ಲು ಹುಳುಕದಿರಲೆಂದು ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸುವುದನ್ನೂ ವಿರೋಧಿಸಿದರು. (ಮಿಠಾಯಿ ಮಾರಿದವನ ಸಂಘಕ್ಕೆ ಹಲ್ಲಿನ ಚಿಂತೆ ಏಕೆ?) ಪಾಲಕ-ಶಿಕ್ಷಕ ಸಂಘಗಳಿಗೆ ಸೇರಿ ಅವನ್ನು ಕೈವಶ ಮಾಡಿಕೊಳ್ಳಿರೆಂದು ಸದಸ್ಯರಿಗೆ ಅಪ್ಪಣೆಯಾಯಿತು. ಸೀಮೆಸುಣ್ಣ ಹಿಡಿದು ಬಂದ ನಮಗೆ ಇದು ಹೆಚ್ಚಾಗಿಯೇ ಚುಚ್ಚುತ್ತದೆ.

ಗಿರಣಿಯ ಬಂಧುಗಳು ಗಮನಿಸಬೇಕಾದ್ದು ಇನ್ನೊಂದಿದೆ. ಆ 11 ಜನರಲ್ಲಿ ಒಬ್ಬ ಕನ್ಸಾಸ್ ರಾಜ್ಯದ ತೈಲೋದ್ಯಮಿ ಫ್ರೆಡ್ ಕೋಕ್. ಅದೇ 1958ರಲ್ಲಿ ಆ ರಾಜ್ಯದ ಸಂವಿಧಾನಕ್ಕೆ ‘ಕೆಲಸದ ಹಕ್ಕು’ ಎಂಬ ತಿದ್ದುಪಡಿ ಬಂತು. ಅವನು ಅದರ ಬೆಂಬಲಿಗ. ಹೆಸರು ಕಿವಿಗೆ ಇಂಪು. ಒಳಗಿದ್ದುದೇನು? ಕೆಲಸಗಾರರೆಲ್ಲ ಸಂಘಕ್ಕೆ ಸೇರಬೇಕೆಂಬ ಕರಾರನ್ನು ಯೂನಿಯನ್ನು ಧಣಿಯೊಡನೆ ಮಾಡಿಕೊಳ್ಳಕೂಡದು! ಸಂಘ ಹೋರಾಡಿ ತಂದ ಕೂಲಿ ಎಲ್ಲರಿಗೂ, ವಂತಿಗೆ ಕೊಡುವವರು ಮಾತ್ರ ಕೆಲವರು. ಅಂಥ ಸಂಘ ಎಷ್ಟು ದಿನ ಬಾಳೀತು?

ಅಂಗಡಿಯವರನ್ನೂ ಬಿಡಲಿಲ್ಲ. 1962ರ ಸುಮಾರಿಗೆ ಪೋಲೆಂಡಿನ ಹಂದಿಮಾಂಸದ ಡಬ್ಬಿ, ಯುಗೊಸ್ಲಾವಿಯದ ಬುಟ್ಟಿಗಳು ಅಮೆರಿಕದ ಅಂಗಡಿಗಳಲ್ಲಿ ಮಾರಾಟಕ್ಕಿದ್ದವು. ಎಲ್ಲವೂ ಕಾನೂನಿನ ಪ್ರಕಾರವೇ ಆಮದಾದ ಸರಕು. ಬರ್ಚ್ ಸೊಸೈಟಿಯವರೂ ಅವರ ಜೊತೆಗಾರರೂ ಗಿರಾಕಿಗಳಂತೆ ಒಳಹೊಕ್ಕು, ಕಮ್ಯೂನಿಸ್ಟ್ ಸರಕು ಬೇಕಾದವರು ಇದೇ ಅಂಗಡಿಗೆ ಬರಬೇಕೆಂಬ ಅರ್ಥದ ಚೀಟಿಗಳನ್ನು ಸರಕಿನ ನಡುವೆ ಸಿಕ್ಕಿಸಿ ಹೋಗುತ್ತಿದ್ದರು. ದಕ್ಷಿಣದ ಕೆಲವು ಪುರಸಭೆಗಳು ಅಂಥ ಸರಕು ಮಾರುವವರಿಗೆ ದುಬಾರಿ ಲೈಸೆನ್ಸ್ ಶುಲ್ಕ ಹೇರಿದವು. ಅಂಗಡಿಕಾರ ಯಾರೊಡನೆ ವಾದಿಸಬೇಕು? ಎಷ್ಟೋ ಮಂದಿ ಸದ್ದಿಲ್ಲದೆ ಡಬ್ಬಿಗಳನ್ನು ಕಪಾಟಿನಿಂದ ಇಳಿಸಿಬಿಟ್ಟರು.