ಹೊಳೆಗೂ ಒಂದು ಪಾಲು



ಮಳೆಗಾಲದಲ್ಲಿ ಹೊಳೆ ದಂಡೆ ತುಂಬಿ ಹರಿಯುವಾಗ ನಮ್ಮ ಭಾಗದ ತಾಯಂದಿರು ಅದಕ್ಕೆ ಉಡಿ ತುಂಬುವುದನ್ನು ನೀವೆಲ್ಲ ನೋಡಿದ್ದೀರಿ. ಖಣ, ತೆಂಗಿನಕಾಯಿ, ಅರಿಸಿನ ಕುಂಕುಮ, ಹಸಿರು ಬಳೆ, ಹೀಗೆ ಮನೆಮಗಳಿಗೆ ಕೊಡುವುದನ್ನೆಲ್ಲ ಹೊಳೆಗೂ ಕೊಡುತ್ತಾರೆ. ಮನೆಮಗಳಿಗೆ ಉಡಿ ತುಂಬಿ ಕಳಿಸಿದರೆ ಸಾಲದು, ಆಸ್ತಿಯಲ್ಲಿಯೂ ಅವಳಿಗೆ ಪಾಲುಂಟು ಎಂದು ಇಂದಿನ ಕಾಯದೆ ಹೇಳುತ್ತದೆ. ಹಾಗಾದರೆ ಹೊಳೆಯ ನೀರಿನಲ್ಲಿ ಹೊಳೆಗೆ ಪಾಲುಂಟೇ? ಈ ಪ್ರಶ್ನೆಯನ್ನು ನಾವು ಇಷ್ಟು ದಿನ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳುವ ಕಾಲ ಈಗ ಬಂದಿದೆ ಎಂದು ನಮಗೆ ಅನಿಸುತ್ತದೆ.

ಮೊದಲಿಗೆ ನಮ್ಮ ಹಿರಣ್ಯಕೇಶಿಯನ್ನೇ ನೋಡೋಣ. ಸಿಂಧುದುರ್ಗ ಜಿಲ್ಲೆಯ ಅಂಬೋಲಿ ಘಟ್ಟದಲ್ಲಿ, ಗವಿಯ ಗುಡಿಯ ಬಳಿ ಹುಟ್ಟುವ ಈ ಹೊಳೆ ಆಜರಾದ ರಾಮತೀರ್ಥದಲ್ಲಿ ಬಂಡೆಗಳ ಮೇಲಿಂದ ಧುಮುಕಿ, ಗಡಹಿಂಗ್ಲಜವನ್ನು ಹಾಯ್ದು, ರಾಜ್ಯದ ಗಡಿ ದಾಟಿ ಸಂಕೇಶ್ವರಕ್ಕೆ ಹೋಗುತ್ತದೆ. ಮುಂದೆ ಬೆಳಗಾವಿ ಜಿಲ್ಲೆಯಲ್ಲಿ ಘಟಪ್ರಭೆಯನ್ನು ಕೂಡಿಕೊಂಡು, ಗೋಕಾಕದಲ್ಲಿ ಜಲಪಾತವಾಗಿ ಬಿದ್ದು, ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಂಬೋಲಿಯ ಆ ಗುಡಿಯ ಕೊಳದಲ್ಲಿ ಒಂದು ಚಿಕ್ಕ ಮೀನಿದೆ. ಜಗತ್ತಿಗೆ ಹೊಸದಾದ ಈ ಜಾತಿಯನ್ನು 2020ರಲ್ಲಿ ಸಂಶೋಧಕರು ಗುರುತಿಸಿ, ಹೊಳೆಯ ಹೆಸರನ್ನೇ ಅದಕ್ಕೆ ಕೊಟ್ಟು, ‘ಶಿಸ್ಟುರಾ ಹಿರಣ್ಯಕೇಶಿ’ ಎಂದು ಕರೆದರು. ಮರುವರ್ಷ, ಅಂದರೆ 2021ರಲ್ಲಿ, ಮಹಾರಾಷ್ಟ್ರ ಸರಕಾರವು ಆ ಸ್ಥಳವನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ಸಾರಿತು. ನಾವು ದಿನಾಲೂ ದಾಟುವ ಹೊಳೆಯ ಮೂಲದಲ್ಲಿ ಇಂಥದೊಂದು ಜೀವ ಬಾಳುತ್ತಿದೆ ಎಂಬುದು ಹೆಮ್ಮೆಯ ಮಾತೇ ಸರಿ.

ಆದರೆ ಹೆಮ್ಮೆಯ ಜೊತೆಗೆ ಎಚ್ಚರವೂ ಬೇಕು. ಏಕೆಂದರೆ ಇದೇ ಜಿಲ್ಲೆಯಲ್ಲಿ ಇನ್ನೊಂದು ಹೊಳೆಯ ಕಥೆ ನಮ್ಮ ಕಣ್ಣೆದುರಿಗಿದೆ. ಅದು ಪಂಚಗಂಗೆ. ಕೊಲ್ಹಾಪುರದ ಬಳಿ ರೂಪುಗೊಂಡು, ಇಚಲಕರಂಜಿಯ ಪಕ್ಕದಲ್ಲಿ ಹರಿದು, ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡುವ ಪುಣ್ಯನದಿ.

ಇಚಲಕರಂಜಿ ನಮ್ಮ ಪಾಲಕರಲ್ಲಿ ಅನೇಕರಿಗೆ ಪರಿಚಿತ ಊರು. ಅಲ್ಲಿ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ. ಅಂದಿನಿಂದ ಮಗ್ಗಗಳ ಸದ್ದು ನಿಂತಿಲ್ಲ. ಸುತ್ತಲಿನ ಹಳ್ಳಿಗಳಿಂದ ದುಡಿಯಲು ಹೋದವರಿಗೆಲ್ಲ ಆ ಊರು ಅನ್ನ ಕೊಟ್ಟಿದೆ. ಆದರೆ ಊರು ಬೆಳೆದಂತೆ ಗಟಾರಿನ ನೀರು, ಬಟ್ಟೆಗೆ ಬಣ್ಣ ಹಾಕಿದ ನೀರು ಹೊಳೆಗೆ ಸೇರಿತು. ಮೇಲಿನ ಊರುಗಳ ಹೊಲಸೂ ಅದರೊಡನೆ ಕೂಡಿತು. 2012ರ ಬೇಸಿಗೆಯಲ್ಲಿ ಆ ಊರಿನಲ್ಲಿ ಕಾಮಾಲೆ ಹಬ್ಬಿ ಸಾವಿರಾರು ಜನ ಹಾಸಿಗೆ ಹಿಡಿದರು. ಪ್ರಾಣ ಕಳೆದುಕೊಂಡವರೂ ಉಂಟು. ಕೆಳಗೆ ಶಿರೋಳ ತಾಲೂಕಿನ ತೇರವಾಡ ಬಾಂದಾರದ ಬಳಿ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದ ಸುದ್ದಿಯನ್ನು ಒಂದಲ್ಲ, ಹಲವು ವರ್ಷ ಪತ್ರಿಕೆಗಳಲ್ಲಿ ಓದಿದ್ದೇವೆ.

ಮುಂದೆ ಏನಾಯಿತು? ಪಕ್ಕದ ಹೊಳೆ ಕುಡಿಯಲು ಬಾರದಾದ್ದರಿಂದ ಇಚಲಕರಂಜಿ ದೂರದ ಹೊಳೆಗಳ ಕಡೆಗೆ ನೋಡಬೇಕಾಯಿತು. ಮೊದಲು ವಾರಣಾ ಹೊಳೆಯಿಂದ ನೀರು ತರುವ ಯೋಜನೆಯಾಯಿತು. 2018ರಲ್ಲಿ ವಾರಣಾ ದಂಡೆಯ ರೈತರು ಅದಕ್ಕೆ ಅಡ್ಡ ನಿಂತರು. ಬಳಿಕ ಕಾಗಲ ತಾಲೂಕಿನ ಸುಳಕೂಡದಲ್ಲಿ ದೂಧಗಂಗೆಯಿಂದ ನೀರೆತ್ತುವ ಯೋಜನೆ ಮಂಜೂರಾಯಿತು. 2023ರಲ್ಲಿ ದೂಧಗಂಗೆಯ ದಂಡೆಯ ರೈತರೂ ಎದ್ದರು. ನಿಮ್ಮ ಹೊಳೆಯನ್ನು ಮೊದಲು ಶುದ್ಧ ಮಾಡಿಕೊಳ್ಳಿರಿ, ಆಮೇಲೆ ನಮ್ಮದನ್ನು ಕೇಳಿರಿ ಎಂಬುದು ಅವರ ವಾದದ ಸಾರ. ಕೊಲ್ಹಾಪುರ ನಗರವೂ ಪಂಚಗಂಗೆಯ ದಂಡೆಯಲ್ಲಿದ್ದುಕೊಂಡೇ, 2023ರ ನವೆಂಬರದಿಂದ ಸುಮಾರು 53 ಕಿಲೋಮೀಟರು ದೂರದ ಕಾಳಮ್ಮವಾಡಿ ಜಲಾಶಯದಿಂದ ಕೊಳವೆಯಲ್ಲಿ ನೀರು ತರಿಸಿಕೊಳ್ಳುತ್ತಿದೆ.

ಇಲ್ಲಿ ಯಾರು ಸರಿ, ಯಾರು ತಪ್ಪು? ಕೊಡ ಹಿಡಿದು ಟ್ಯಾಂಕರಿಗೆ ಕಾಯುವ ಮಗ್ಗದ ಕೆಲಸಗಾರನ ಹೆಂಡತಿ ತಪ್ಪು ಎನ್ನಲು ಸಾಧ್ಯವೇ? ಬೆಳೆದು ನಿಂತ ಪೈರು ಒಣಗೀತೆಂದು ಅಂಜುವ ರೈತ ತಪ್ಪು ಎನ್ನಬಹುದೇ? ಇಬ್ಬರ ಕೂಗಿನಲ್ಲಿಯೂ ನ್ಯಾಯವಿದೆ. ಆದರೆ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬಂತೆ, ಪೇಟೆ ಮತ್ತು ಹೊಲದ ಜಗಳದಲ್ಲಿ ಬಡವಾದದ್ದು ಹೊಳೆ. ಸಭೆಯಲ್ಲಿ ಪೇಟೆಯ ಪರವಾಗಿ ಮಾತನಾಡುವವರಿದ್ದಾರೆ, ರೈತರ ಪರವಾಗಿ ಮಾತನಾಡುವವರಿದ್ದಾರೆ. ಹೊಳೆಯ ಪರವಾಗಿ ಒಂದು ಕುರ್ಚಿಯೂ ಇಲ್ಲ.

ಇದು ಬರಿಯ ಭಾವನೆಯ ಮಾತಲ್ಲ, ಲೆಕ್ಕದ ಮಾತು. ಕೃಷ್ಣೆಯ ನೀರಿನ ಹಂಚಿಕೆಗಾಗಿ ನೇಮಕವಾದ ಬಚಾವತ್ ನ್ಯಾಯಾಧಿಕರಣದ ತೀರ್ಪು 1976ರಲ್ಲಿ ಅಂತಿಮವಾಯಿತು. ನೂರು ವರ್ಷಗಳಲ್ಲಿ ಎಪ್ಪತ್ತೈದು ವರ್ಷವಾದರೂ ದೊರೆಯುವ ನೀರು 2060 ಟಿ.ಎಂ.ಸಿ. ಎಂದು ಅದು ಎಣಿಸಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಅದರಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಅಂದಿನ ಆಂಧ್ರ ಪ್ರದೇಶಕ್ಕೆ 800. ಮಕ್ಕಳೇ, ಈ ಮೂರನ್ನೂ ಕೂಡಿಸಿ ನೋಡಿರಿ. ಸರಿಯಾಗಿ 2060 ಬರುತ್ತದೆ. ಶೇಷ ಸೊನ್ನೆ. ಹೊಳೆಗೆಂದು ಎತ್ತಿಟ್ಟದ್ದು ಏನೂ ಇಲ್ಲ.

ಎರಡನೆಯ ನ್ಯಾಯಾಧಿಕರಣ 2010ರ ಡಿಸೆಂಬರದಲ್ಲಿ ತೀರ್ಪು ಕೊಟ್ಟಾಗ ಇನ್ನೂ 448 ಟಿ.ಎಂ.ಸಿ. ನೀರನ್ನು ಹಂಚಿತು: ಆಂಧ್ರಕ್ಕೆ 190, ಕರ್ನಾಟಕಕ್ಕೆ 177, ಮಹಾರಾಷ್ಟ್ರಕ್ಕೆ 81. ಆ ಪಾಲುಗಳ ಒಳಗೇ ಆಂಧ್ರ 6, ಕರ್ನಾಟಕ 7, ಮಹಾರಾಷ್ಟ್ರ 3 ಟಿ.ಎಂ.ಸಿ. ನೀರನ್ನು ನದಿಯ ಕನಿಷ್ಠ ಹರಿವಿಗಾಗಿ ಬಿಡಬೇಕೆಂದು ಹೇಳಿತು. ಒಟ್ಟು 16; ಹೊಸದಾಗಿ ಹಂಚಿದ ನೀರಿನಲ್ಲಿ ನೂರಕ್ಕೆ ನಾಲ್ಕೂ ಅಲ್ಲ. ಆದರೂ ಸೊನ್ನೆಯಿಂದ ಹದಿನಾರಕ್ಕೆ ಬಂದದ್ದು ದೊಡ್ಡ ಹೆಜ್ಜೆಯೆಂದೇ ನಾವು ತಿಳಿಯುತ್ತೇವೆ. ನದಿಗೂ ಪಾಲುಂಟು ಎಂಬುದನ್ನು ನ್ಯಾಯಪೀಠವೇ ಒಪ್ಪಿತಲ್ಲ! ವ್ಯಾಜ್ಯದ ಕಾರಣದಿಂದ ಆ ತೀರ್ಪು ಇನ್ನೂ ಜಾರಿಗೆ ಬಂದಿಲ್ಲ ಎಂಬುದು ಬೇರೆ ಮಾತು.

‘ಹೊಳೆಗೆ ಬಿಟ್ಟ ನೀರು ಸಮುದ್ರದ ಪಾಲು, ಅದು ವ್ಯರ್ಥ’ ಎಂದು ಹಲವರು ಹೇಳುವುದುಂಟು. ಈ ಮಾತನ್ನು ಸ್ವಲ್ಪ ವಿಚಾರ ಮಾಡೋಣ. ನಮ್ಮ ಹೊಳೆಗಳ ಮೇಲೆ ಕೊಲ್ಹಾಪುರ ಮಾದರಿಯ ಬಾಂದಾರಗಳಿವೆ. ಮಳೆಗಾಲ ಮುಗಿದ ಮೇಲೆ ಕಂಬಗಳ ನಡುವೆ ಹಲಗೆ ಹಾಕಿ ನೀರು ನಿಲ್ಲಿಸುತ್ತೇವೆ, ಮಳೆಗಾಲಕ್ಕೆ ಮುಂಚೆ ತೆಗೆಯುತ್ತೇವೆ. ಕಡಿಮೆ ಖರ್ಚಿನ, ಬಹು ಉಪಯೋಗದ ವ್ಯವಸ್ಥೆ. ಅದರಿಂದಲೇ ಈ ಜಿಲ್ಲೆ ಹಸಿರಾಗಿದೆ. ಆದರೆ ಬೇಸಿಗೆಯಲ್ಲಿ ಮೇಲಿನಿಂದ ಹರಿವು ನಿಂತರೆ ಹೊಳೆಯು ಹೊಳೆಯಾಗಿ ಉಳಿಯುವುದಿಲ್ಲ; ಸಾಲಾಗಿ ಇಟ್ಟ ಹೊಂಡಗಳಾಗುತ್ತದೆ. ಒಂದೊಂದು ಹೊಂಡದಲ್ಲಿಯೂ ಊರಿನ ಹೊಲಸು ನಿಂತು ಕೊಳೆಯುತ್ತದೆ. ಕೊಳೆಯುವಾಗ ನೀರಿನಲ್ಲಿ ಕರಗಿದ ಪ್ರಾಣವಾಯು ತೀರಿಹೋಗಿ ಮೀನುಗಳಿಗೆ ಉಸಿರು ಸಿಗುವುದಿಲ್ಲ. ಹರಿಯುವ ನೀರಾದರೋ ಗಾಳಿಯೊಡನೆ ಕೂಡಿ ಮತ್ತೆ ಪ್ರಾಣವಾಯುವನ್ನು ಪಡೆಯುತ್ತದೆ, ಹೊಲಸನ್ನು ತೆಳುವಾಗಿಸುತ್ತದೆ, ದಂಡೆಯ ಬಾವಿಗಳಿಗೆ ಸೆಲೆ ಕೊಡುತ್ತದೆ, ಕೆಳಗಿನ ಊರಿನ ಕೊಡ ತುಂಬುತ್ತದೆ. ಇದನ್ನು ವ್ಯರ್ಥವೆನ್ನಲಾಗದು. ಗಡಹಿಂಗ್ಲಜಕ್ಕೆ ಆಜರಾ ಮೇಲಿನ ಊರು. ಸಂಕೇಶ್ವರಕ್ಕೆ ಗಡಹಿಂಗ್ಲಜ ಮೇಲಿನ ಊರು. ನಾವೆಲ್ಲರೂ ಒಬ್ಬರಿಗೆ ಮೇಲಿನವರು, ಇನ್ನೊಬ್ಬರಿಗೆ ಕೆಳಗಿನವರು.

ನಾವು ಎರಡು ಭಾಷೆಗಳಲ್ಲಿ ಓದಿ ಬೆಳೆದವರು. ಎರಡೂ ಕಡೆಯ ಪತ್ರಿಕೆಗಳನ್ನು ಓದುತ್ತೇವೆ. ಬೇಸಿಗೆ ಬಂದರೆ ಕನ್ನಡ ಪತ್ರಿಕೆಯಲ್ಲಿ ‘ಮಹಾರಾಷ್ಟ್ರ ನೀರು ಬಿಡಲಿ’ ಎಂಬ ಬೇಡಿಕೆ. ಮಳೆಗಾಲ ಬಂದರೆ ಮರಾಠಿ ಪತ್ರಿಕೆಯಲ್ಲಿ ‘ಆಲಮಟ್ಟಿಯಿಂದ ನೀರು ಬಿಡಲಿ’ ಎಂಬ ಬೇಡಿಕೆ. 2005, 2019 ಮತ್ತು 2021ರ ಮಹಾಪೂರಗಳಲ್ಲಿ ಗಡಿಯ ಎರಡೂ ಬದಿಯ ಮನೆಗಳು ಮುಳುಗಿದವು. ಭಾಷೆ ಎರಡಾದರೂ ಸಂಕಟ ಒಂದೇ ಎಂಬುದನ್ನು ಗಡಿನಾಡಿನ ನಾವು ಹೇಳದಿದ್ದರೆ ಇನ್ನಾರು ಹೇಳಬೇಕು?

ಇನ್ನು ಹೊಲ ಮತ್ತು ಪೇಟೆಯ ಲೆಕ್ಕಕ್ಕೆ ಬರೋಣ. ಒಂದು ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸಿದರೆ ಸುಮಾರು ಒಂದು ಲಕ್ಷ ಮೂರು ಸಾವಿರ ಲೀಟರು ಆಗುತ್ತದೆ. ಸಾಲು ತುಂಬಿ ಹರಿಸಿದಾಗ ಒಂದು ಪಾಳಿಗೆ ಮೂರು ಅಂಗುಲವೆಂದು ಹಿಡಿದರೂ ಮೂರು ಲಕ್ಷ ಲೀಟರು ಮೀರಿತು. ಪೇಟೆಯಲ್ಲಿ ಒಬ್ಬನಿಗೆ ದಿನಕ್ಕೆ 135 ಲೀಟರು ಬೇಕೆಂದು ಸರಕಾರದ ಅಳತೆ. ಅಂದರೆ ಒಂದು ಎಕರೆ ಕಬ್ಬಿಗೆ ಒಂದು ಸಲ ಹಾಯಿಸಿದ ನೀರು ಎರಡು ಸಾವಿರಕ್ಕೂ ಹೆಚ್ಚು ಜನರ ಒಂದು ದಿನದ ನೀರು!

ಹೀಗೆಂದು ರೈತನನ್ನು ದೂರುವುದು ನಮ್ಮ ಉದ್ದೇಶವಲ್ಲ. ನಾವೂ ಕಬ್ಬಿನ ಮನೆತನದವರೇ. ನಮ್ಮ ಟ್ರೇನಿಂಗ್ ಕಾಲೇಜಿನ ಫೀ ತುಂಬಿದ್ದು ಕಬ್ಬಿನ ಬಿಲ್ಲಿನಿಂದ. ಕಬ್ಬಿಗೆ ಕಾಯದೆಯ ಬೆಲೆಯುಂಟು, ಕೊಳ್ಳಲು ಕಾರಖಾನೆಯುಂಟು. ಆಜರಾದ ಘನಸಾಳ ಅಕ್ಕಿಗೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತು ಹೆಸರು ಬಂತು. ಆದರೆ ಕಬ್ಬಿಗಿರುವಂಥ ಭರವಸೆ ಅದಕ್ಕೆ ಇಲ್ಲ. ಮಳೆಯ ನೀರಿನಲ್ಲಿಯೇ ಬೆಳೆಯುವ ಇಂಥ ಬೆಳೆಗೆ ನಂಬಿಕೆಯ ಬೆಲೆ ಕೊಡದೆ ‘ಕಬ್ಬು ಬಿಡಿರಿ’ ಎಂದು ರೈತನಿಗೆ ಉಪದೇಶ ಮಾಡುವುದು ಅನ್ಯಾಯ. ಆದರೆ ಕಬ್ಬಿಗೆ ಹನಿ ನೀರಾವರಿ ಮಾಡಿ, ರವದಿಯನ್ನು ಸುಡದೆ ಸಾಲಿನಲ್ಲಿ ಹೊದಿಸಿ ನೀರು ಉಳಿಸುವುದು ಸಾಧ್ಯ. ಹಾಗೆ ಉಳಿಸಿದ ನೀರನ್ನು ಇನ್ನೂ ಒಂದು ಎಕರೆ ಕಬ್ಬಿಗೆ ಹರಿಸಿದರೆ ಹೊಳೆಗೆ ಏನೂ ದಕ್ಕದು. ಉಳಿಸಿದ್ದರಲ್ಲಿ ಒಂದು ಭಾಗವಾದರೂ ಹೊಳೆಯಲ್ಲಿಯೇ ಉಳಿಯಬೇಕು.

ಪೇಟೆಗೂ ಅದರ ಹೊಣೆಯುಂಟು. ಹೊಲಕ್ಕೆ ಹರಿದ ನೀರಿನ ಬಹುಭಾಗ ಪೈರಿಗೆ ಮತ್ತು ಆಕಾಶಕ್ಕೆ ಹೋಗುತ್ತದೆ. ಪೇಟೆಗೆ ಹೋದ ನೀರಿನಲ್ಲಿ ನೂರಕ್ಕೆ ಎಂಬತ್ತರಷ್ಟು ಗಟಾರಿನಿಂದ ಹೊರಗೆ ಬರುತ್ತದೆ. 2011ರ ಜನಗಣತಿಯಂತೆ ಇಚಲಕರಂಜಿಯ ಜನಸಂಖ್ಯೆ 2.87 ಲಕ್ಷ. ತಲೆಗೆ 135 ಲೀಟರಿನಂತೆ ಕೊಟ್ಟರೆ ದಿನಕ್ಕೆ ಮೂರು ಕೋಟಿ ಲೀಟರಿಗೂ ಹೆಚ್ಚು ಬಳಸಿದ ನೀರು ಹೊರಬರುತ್ತದೆ. ಬಣ್ಣದ ನೀರನ್ನು ಬೇರೆಯಿಟ್ಟು, ಮನೆಗಳ ಈ ನೀರನ್ನು ಚೆನ್ನಾಗಿ ಶುದ್ಧಿ ಮಾಡಿದರೆ ದಿನಕ್ಕೆ ನೂರು ಎಕರೆಗೆ ಪಾಳಿ ಕೊಡಬಹುದು; ಹತ್ತು ದಿನಕ್ಕೊಂದು ಪಾಳಿಯಾದರೆ ಸಾವಿರ ಎಕರೆ. ಪೇಟೆಯು ರೈತನಿಂದ ನೀರು ಕೇಳುವಾಗ ಕೈಯಲ್ಲಿ ಶುದ್ಧ ಮಾಡಿದ ನೀರನ್ನೂ ಹಿಡಿದು ಹೋಗಲಿ. ಆಗ ಜಗಳ ವ್ಯವಹಾರವಾದೀತು.

ಹಿರಣ್ಯಕೇಶಿ ಇನ್ನೂ ಪಂಚಗಂಗೆಯಾಗಿಲ್ಲ. ಆದರೆ ಆಜರಾ ಬೆಳೆಯುತ್ತಿದೆ, ಗಡಹಿಂಗ್ಲಜ ಬೆಳೆಯುತ್ತಿದೆ. ದಂಡೆಯ ಮೋಟಾರುಗಳು ಹೆಚ್ಚುತ್ತಿವೆ. ಬೇಸಿಗೆಯಲ್ಲಿ ಚಿತ್ರಿ ಜಲಾಶಯದಿಂದ ನೀರು ಬಿಟ್ಟರೆ ಮಾತ್ರ ಹೊಳೆಗೆ ಜೀವ. ಆ ನೀರನ್ನು ಹಂಚುವಾಗ ಕುಡಿಯುವುದಕ್ಕೆ ಇಷ್ಟು, ಹೊಲಕ್ಕೆ ಇಷ್ಟು ಎಂದು ಬರೆಯುವ ಕಾಗದದಲ್ಲಿ ಹೊಳೆಗೆ ಇಷ್ಟು ಎಂಬ ಸಾಲನ್ನು ಕುಡಿಯುವ ನೀರಿನ ಬೆನ್ನಿಗೇ ಬರೆಯಬೇಕು. ಎಲ್ಲರಿಗೂ ಹಂಚಿ ಉಳಿದರೆ ಹೊಳೆಗೆ ಎಂದರೆ ಏನೂ ಉಳಿಯದು. ಪಂಚಗಂಗೆಯ ಪಾಠ ಇದೇ. ಆ ಸಾಲಿನಿಂದ ನಮ್ಮ ಹೊಲಕ್ಕೆ ಒಂದು ಪಾಳಿ ತಡವಾಗಬಹುದು. ಆ ನಷ್ಟವನ್ನು ಬಚ್ಚಿಟ್ಟು ನಾವು ಮಾತನಾಡುವುದಿಲ್ಲ. ಆದರೆ ಹೊಳೆ ಕೆಟ್ಟ ಮೇಲೆ ಐವತ್ತು ಕಿಲೋಮೀಟರು ಕೊಳವೆ ಹಾಕುವ ಶಕ್ತಿ ದೊಡ್ಡ ನಗರಕ್ಕಿದೆ. ನಮ್ಮ ಹಳ್ಳಿಗಳಿಗೆ ಇಲ್ಲ.

ವಿದ್ಯಾರ್ಥಿಗಳೇ, ನಿಮಗೊಂದು ಕೆಲಸ ಹೇಳಿ ಈ ಲೇಖನವನ್ನು ಮುಗಿಸುತ್ತೇವೆ. ಸಂಕ್ರಾಂತಿಯಿಂದ ಬಸವ ಜಯಂತಿಯವರೆಗೆ ಪ್ರತಿ ರವಿವಾರ ನಿಮ್ಮೂರಿನ ಬಾಂದಾರದ ಬಳಿ ಹೋಗಿರಿ. ಹಿರಿಯರೊಬ್ಬರು ಜೊತೆಗಿರಲಿ, ನೀರಿಗೆ ಇಳಿಯಬೇಡಿರಿ. ನೀರು ಹರಿಯುತ್ತಿದೆಯೇ ನಿಂತಿದೆಯೇ, ಬಣ್ಣ ಯಾವುದು, ವಾಸನೆ ಉಂಟೇ, ಮೀನು ಕಂಡಿತೇ ಎಂದು ನೋಡಿ, ತಾರೀಖು ಹಾಕಿ ವಹಿಯಲ್ಲಿ ಬರೆಯಿರಿ. ಪಾಲಕರೇ, ಆ ವಹಿಯನ್ನು ಗ್ರಾಮಸಭೆಗೆ ತೆಗೆದುಕೊಂಡು ಹೋಗಿ ಓದಿಸಿರಿ. ಹೊಳೆಯ ಪರವಾಗಿ ಕುರ್ಚಿಯಿಲ್ಲದ ಸಭೆಯಲ್ಲಿ ಅಷ್ಟಾದರೂ ಸಾಕ್ಷಿ ಇರಲಿ. ಮುಂದಿನ ಮಳೆಗಾಲದಲ್ಲಿ ನಮ್ಮ ತಾಯಂದಿರು ಉಡಿ ತುಂಬಲು ಹೊಳೆಗೆ ಹೋದಾಗ, ಪಾಲನ್ನು ಕಸಿದುಕೊಂಡು ಉಡಿಯನ್ನಷ್ಟೇ ಕೊಟ್ಟೆವೆಂಬ ಅಳುಕು ನಮ್ಮ ಮನಸ್ಸಿನಲ್ಲಿ ಇರದಿರಲಿ.